ಸುಬಿಯಾದ ಗದ್ದುಗೆ

ಚಳಿಗಾಲ ಕಳೆಯಲೆಂದು ಕುವೈತಿಗೆ ಬಂದ ಅವ್ವನಿಗೆ ನಾವು ಇಲ್ಲಿನದೆಲ್ಲ ತೋರಿಸಿ ಮುಗಿಸಿದ್ದೆವು. ಅಂದರೆ, ಸಾಲ್ಮಿಯಾದ ಮಾಲುಗಳು, ಎಗೈಲಾದ ಮಾಲುಗಳು, ಮಾಲಿಗೆ ಹೋಗುವಾಗ ದಾರಿಯಲ್ಲಿ ಕಾಣುವ ಸಮುದ್ರ. "ಈ ದೇಶದಾಗ ಹಳೇದು ಅಂತ ಏನೂ ಇಲ್ಲೇನು?" ಎಂದು ಅವ್ವ ಕೇಳಿದಳು. ಇಷ್ಟು ವರ್ಷ ಇಲ್ಲಿ ಇಂಜಿನಿಯರಾಗಿ ದುಡಿದ ನನಗೆ ಗೊತ್ತಿದ್ದ ಅತಿ ಹಳೆಯ ವಸ್ತುವೆಂದರೆ ನಮ್ಮ ಫ್ಲ್ಯಾಟಿನ ಏಸಿ. ಆಫೀಸಿನಲ್ಲಿ ವಿಚಾರಿಸಿದೆ. ಉದ್ದ ಸೇತುವೆ ದಾಟಿ ಸುಬಿಯಾ ಕಡೆ ಹೋದರೆ ಸಾವಿರಾರು ವರ್ಷ ಹಳೆಯ ಕಲ್ಲಿನ ಗೋರಿಗಳಿವೆ ಎಂದು ಒಬ್ಬರು ಫೋನಿಗೆ ಲೊಕೇಶನ್ ಕಳಿಸಿದರು. ಗೋರಿ ಎಂದದ್ದೇ ತಡ, ಅವ್ವ ರೊಟ್ಟಿ ಬಡಿಯಲು ಕೂತಳು.

ಅದಕ್ಕೆ ಕಾರಣವಿತ್ತು. ಹೋದ ವರ್ಷ ನಮ್ಮ ಪ್ಲಾಂಟಿನಲ್ಲಿದ್ದ, ನಮ್ಮ ಪಕ್ಕದೂರಿನವನೊಬ್ಬ ಎದೆನೋವು ಬಂದು ಇಲ್ಲೇ ತೀರಿಕೊಂಡ. ಕಾಗದಪತ್ರ ಮುಗಿದು ಪೆಟ್ಟಿಗೆ ಊರು ಮುಟ್ಟುವ ಹೊತ್ತಿಗೆ ದೇಹ ಸೆಟೆದು ಹೋಗಿತ್ತು. ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ ಮಣ್ಣು ಮಾಡುತ್ತಾರೆ. ಅವನನ್ನು ಕೂಡಿಸಲಾಗಲಿಲ್ಲ. ತೋಡಿದ್ದ ಕುಣಿಯನ್ನೇ ಮತ್ತೆ ಉದ್ದಕ್ಕೆ ತೋಡಿ ಮಲಗಿಸಿದರು. ಅವ್ವ ಆ ಮಣ್ಣಿಗೆ ಹೋಗಿದ್ದಳು. ಅದಾದ ಸ್ವಲ್ಪ ದಿನಕ್ಕೆ ನನ್ನ ಎದೆಗೂ ಸ್ಟೆಂಟ್ ಹಾಕಿದರು. ಅವ್ವ ವಿಮಾನ ಹತ್ತಿದ್ದು ಆಮೇಲೆ. ಕುವೈತಿನ ತಂಪು ಹವೆ ಬರೀ ನೆಪ. ಬಂದಾಗಿನಿಂದ ಅವಳದು ಒಂದೇ ಮಾತು: "ನೌಕರಿ ಸಾಕು, ನನ್ನ ಜೋಡಿ ಊರಿಗೆ ನಡಿ." ನನ್ನದೂ ಒಂದೇ ಉತ್ತರ: "ನೋಡೂಣು."

ಶುಕ್ರವಾರ ಹೆಂಡತಿ, ಅವ್ವ, ನಾನು ಹೊರಟೆವು. ಸೇತುವೆ ದಾಟಿದ ಮೇಲೆ ಕಣ್ಣು ಹಾಯಿಸಿದಷ್ಟೂ ಮರಳು, ಅಲ್ಲಲ್ಲಿ ಚಳಿಗಾಲದ ಮೋಜಿಗೆ ಹಾಕಿದ ಡೇರೆಗಳು. ಬೋರ್ಡಿಲ್ಲ, ಬೇಲಿಯಿಲ್ಲ. ಫೋನು ನೀವು ಬಂದು ಮುಟ್ಟಿದ್ದೀರಿ ಎಂದು ಘೋಷಿಸಿ ಕೈತೊಳೆದುಕೊಂಡಿತು. ಗಾಳಿ ಜೋರಿತ್ತು. ಕುಸಿದ ಕಲ್ಲಿನ ಗುಪ್ಪೆಯೊಂದರ ಮರೆಗೆ ಚಾಪೆ ಹಾಸಿ ಮೊದಲು ಉಂಡುಬಿಟ್ಟೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹೆಂಡತಿ ಚಹಾದ ಫ್ಲಾಸ್ಕನ್ನು ಅದೇ ಗುಪ್ಪೆಯ ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟಳು. ಹೊಟ್ಟೆ ತುಂಬಿದ ಮೇಲೆ ಇತಿಹಾಸ ಹುಡುಕಲು ಎದ್ದೆವು.

ಅವ್ವನೇ ಮೊದಲು ಕಂಡಳು. ತುಸು ದೂರದಲ್ಲಿ ಕಲ್ಲುಗಳನ್ನು ಚೊಕ್ಕವಾಗಿ ದುಂಡಗೆ ಜೋಡಿಸಲಾಗಿತ್ತು, ನಡುವೆ ಬೂದಿ. "ನೋಡಪಾ, ಯಾರೋ ಶರಣರ ಗದ್ದಿಗಿ. ಭಸ್ಮಾನೂ ಐತಿ." ಚಪ್ಪಲಿ ಬಿಟ್ಟು, ಚೀಲದಿಂದ ವಿಭೂತಿ ತೆಗೆದು ದೊಡ್ಡ ಕಲ್ಲಿಗೆ ಮೂರು ಬೆರಳು ಎಳೆದಳು. ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು. ಆಮೇಲೆ ಒಳಗಿನ ಬೂದಿ ತೆಗೆದು ನಮ್ಮಿಬ್ಬರ ಹಣೆಗೆ ಹಚ್ಚಿ, ನನ್ನ ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಸ್ಟೆಂಟ್ ಇರುವ ಕಡೆ ತಿಕ್ಕಿದಳು. ವಿಜ್ಞಾನ ಓದಿದ ನಾನು ಎದೆಯೊಡ್ಡಿ ನಿಂತೆ. ಯಾಕೋ ಹಿತವೆನಿಸಿತು.

ಅಷ್ಟರಲ್ಲಿ ಪಕ್ಕದ ಡೇರೆಯ ಯಜಮಾನರು ಬಿಳಿ ನಿಲುವಂಗಿಯಲ್ಲಿ ಚಹಾದ ಲೋಟ ಹಿಡಿದು ಬಂದರು. ನಮ್ಮ ಹಣೆ ನೋಡಿ ಅವರಿಗೆ ಏನೂ ತಿಳಿಯಲಿಲ್ಲ. ಪ್ರಾಚೀನ ಗೋರಿ ನೋಡಲು ಬಂದಿದ್ದೇವೆಂದೆ.

"ಭಾಯಿ, ಯೇ ಹಮಾರಾ ಚೂಲಾ ಹೈ," ಎಂದರು ಬಹಳ ಮರ್ಯಾದೆಯಿಂದ. ಹೋದ ವಾರ ಈ ಒಲೆಯ ಮೇಲೆ ಕೋಳಿ ಸುಟ್ಟರಂತೆ. ಹಾಗಾದರೆ ಗೋರಿ? "ಉಧರ್." ಅವರ ಬೆರಳು ನೆಟ್ಟಗೆ ನಮ್ಮ ಫ್ಲಾಸ್ಕನ್ನು ತೋರಿಸುತ್ತಿತ್ತು.

ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ, ಕೋಳಿಯನ್ನೊಂದು ಬಿಟ್ಟು. ತಲೆತಲಾಂತರದಿಂದ ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು. ಹೆಂಡತಿ ಬೂದಿಯಲ್ಲಿ ಸಿಕ್ಕ ಕಬ್ಬಿಣದ ಕಡ್ಡಿಯನ್ನೂ ನನ್ನ ಹಣೆಯನ್ನೂ ನೋಡಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

ಅವ್ವ ನಗಲಿಲ್ಲ, ನಾಚಲೂ ಇಲ್ಲ. ಆ ಗುಪ್ಪೆಯ ಹತ್ತಿರ ಹೋಗಿ ಫ್ಲಾಸ್ಕ್ ಕೆಳಗಿಳಿಸಿ, ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲಗಳನ್ನು ಹೆಕ್ಕತೊಡಗಿದಳು. "ಇಂವ ಯಾವೂರಾಂವ?"

"ಯಾರಿಗೊತ್ತವ್ವಾ. ಕುರಿ ಮೇಯಿಸ್ಕೋತ ಎಲ್ಲಿಂದಲೋ ಬಂದಿರಬೇಕು."

"ಹೊಟ್ಟಿಪಾಡಿಗೆ ಬಂದಾಂವ ಅನ್ನು." ಕಲ್ಲಿನ ಮೇಲಿನ ಮರಳನ್ನು ಸೆರಗಿನಿಂದ ಒರೆಸಿದಳು. "ತಮ್ಮಾ, ನಿನ್ನ ಪೆಟಗ್ಯಾಗ ನೋಡೂ ಶಕ್ತಿ ನನಗಿಲ್ಲ. ಖರೇ ಹೇಳು, ಯಾವಾಗ ಬರ್ತಿ?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಈ ಸಲ "ನೋಡೂಣು" ಎನ್ನಲಾಗಲಿಲ್ಲ. "ಬರೂ ವರ್ಷ ಬಂದುಬಿಡ್ತೀನವ್ವಾ. ಖಲಾಸ್."

ಅವ್ವ ಹೂಂ ಎಂದಳು. ಹೆಕ್ಕಿದ ಚೀಲಗಳನ್ನೆಲ್ಲ ಒಂದರೊಳಗೊಂದು ತುಂಬಿ ಗಂಟು ಹಾಕಿದಳು.

"ಇಂವನೂ ಅವರವ್ವಗ ಹಂಗ ಹೇಳಿರಬೇಕು," ಎಂದಳು.