ಮೀನಖಂಡದ ತಕರಾರು

ಔಷಧಿಯ ಡಬ್ಬಿಯೊಳಗೆ ಹದಿನಾರು ಮಡಿಕೆ ಮಾಡಿ ತುರುಕಿರುವ ಆ ತೆಳು ಕಾಗದವನ್ನು ಪೂರ್ತಿ ಓದುವವರು ಇಬ್ಬರೇ ಇರಬೇಕು: ಅದನ್ನು ಬರೆದವರು ಮತ್ತು ನಾನು. ತಪ್ಪು ನನ್ನದಲ್ಲ, ಕಸುಬಿನದು. ಹೊಸನಗರದ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಪುಸ್ತಕ ಜೋಡಿಸುತ್ತಿದ್ದೇನೆ. ಅಕ್ಷರ ಕಂಡರೆ ಓದದೆ ಮುಂದೆ ಹೋಗಲು ನನಗೆ ಬರುವುದಿಲ್ಲ.

ಮಾತ್ರೆ ಕೊಲೆಸ್ಟರಾಲ್ ಇಳಿಸುವುದಕ್ಕೆ. ಕೊಟ್ಟವರು ಸಾಗರದ ಡಾಕ್ಟರಮ್ಮ. ನಾನು ಮರುಮಾತಾಡದೆ ನುಂಗಿದ್ದೆ. ಕಾರಣವಿತ್ತು. ನಮ್ಮಪ್ಪ ಐವತ್ತೆರಡನೇ ವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಜಗುಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ನನಗಾಗ ಐವತ್ತೊಂದು.

ಮೂರನೇ ವಾರ ಮೀನಖಂಡಗಳು ತಕರಾರು ತೆಗೆದವು. ಕೆಳಸಾಲಿನ ಪುಸ್ತಕ ತೆಗೆಯಲು ಕುಕ್ಕರಗಾಲಿನಲ್ಲಿ ಕೂತವಳು ಏಳಲಾರದೆ ಕಪಾಟು ಹಿಡಿದರೆ, ಕಪಾಟೇ ನನ್ನ ಕಡೆ ಬಾಗಿತು. ದಪ್ಪನೆಯ ನಿಘಂಟೊಂದು ಭುಜದ ಮೇಲೆ ಬಿತ್ತು. ಸಂಜೆ ಮನೆಗೆ ಬಂದು ಆ ಕಾಗದ ಬಿಡಿಸಿದೆ. ಸ್ನಾಯು ನೋವು ಬರಬಹುದು ಎಂದಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ತಲೆನೋವು ಎಂದು ಓದಿದ ಕೂಡಲೇ ಹಣೆ ಸಿಡಿಯತೊಡಗಿತು. ಹೊಟ್ಟೆ ಉಬ್ಬರ ಎಂಬಲ್ಲಿಗೆ ಬರುವಷ್ಟರಲ್ಲಿ ಸೀರೆ ಬಿಗಿಯಾಯಿತು. ಗಂಡಸರಿಗೆ ಮಾತ್ರ ಆಗುವ ಒಂದು ತೊಂದರೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಂದೇ ನನಗೆ ಬಂತು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು, ನಡೆದರೆ ಕೂರಬೇಕು ಅನ್ನಿಸುತ್ತಿತ್ತು.

ತೀರ್ಥಹಳ್ಳಿಯಲ್ಲಿ ನನ್ನ ಅಕ್ಕನಿದ್ದಾಳೆ, ರವಿಕೆ ಹೊಲಿಯುತ್ತಾಳೆ. ಅಳತೆ ಕೊಡಲು ಬಂದವರಿಗೆಲ್ಲ ಪುಕ್ಕಟೆಯಾಗಿ ಒಂದು ಮನೆಮದ್ದನ್ನೂ ಹೇಳಿ ಕಳಿಸುತ್ತಾಳೆ. ಫೋನಿನಲ್ಲಿ ನನ್ನ ಗೋಳು ಕೇಳಿದವಳೇ, "ಬೆಳ್ಳುಳ್ಳಿ ತಿನ್ನು ಮಾರಾಯ್ತಿ, ಹಸೀದು. ಮೆಂತ್ಯದ ನೀರು ಕುಡಿ. ಎಂತ ಕೊಲೆಸ್ಟರಾಲ್, ಕರಗಿ ಹೋಗ್ತದೆ," ಎಂದಳು.

ನಾನು ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಎರಡು ವಾರದಲ್ಲಿ ಕಾಲು ಹಗುರವಾಯಿತು. ಗೆದ್ದೆ ಎಂದುಕೊಂಡೆ. ಬೆಳ್ಳುಳ್ಳಿ, ಮೆಂತ್ಯ, ಅಗಸೆ ಪುಡಿ, ಮುರುಗಲು ಹುಳಿಯ ಸಾರು ಎಂದು ಮೂರು ತಿಂಗಳು ನಿಷ್ಠೆಯಿಂದ ನಡೆಸಿದೆ. ಪೇಪರು ಓದಲು ಬರುವ ನಿವೃತ್ತರು ನನ್ನ ಮೇಜಿನಿಂದ ದಿನಕ್ಕೊಂದು ಕುರ್ಚಿ ದೂರ ಸರಿದರು. ಆದರೂ ನೆಮ್ಮದಿ ಇರಲಿಲ್ಲ. ಎಡಗೈ ಜೋಮು ಹಿಡಿದರೆ ಅಪ್ಪನ ಜಗುಲಿ ಕಣ್ಣಿಗೆ ಬರುತ್ತಿತ್ತು.

ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ನನ್ನ ರವಿಕೆಯ ಗುಂಡಿ ಕಿತ್ತುಹೋಗಿತ್ತು. ದಾರಕ್ಕೆಂದು ಹೊಲಿಗೆ ಯಂತ್ರದ ಡ್ರಾಯರ್ ಎಳೆದೆ. ದಾರದುಂಡೆಗಳ ನಡುವೆ ಮಾತ್ರೆಯ ಪಟ್ಟಿಯೊಂದು ಸಿಕ್ಕಿತು. ನಾನು ಬಿಟ್ಟಿದ್ದೆನಲ್ಲ, ಅದೇ ಮಾತ್ರೆ. ಅರ್ಧ ಖಾಲಿ.

"ಅಕ್ಕಾ, ಇದೆಂತದು?"

ಅವಳು ಪೆಡಲಿನಿಂದ ಕಾಲು ತೆಗೆದಳು. "ನಾಲ್ಕು ವರ್ಷ ಆಯ್ತು ಕಣೇ. ಬೆಳ್ಳುಳ್ಳಿ ಜೊತೆಗೆ ಅದೂ ತಗೋತೀನಿ. ನಂಗೆ ಒಂದು ದಿನಾನೂ ಎಂತ ತೊಂದ್ರೆ ಆಗಿಲ್ಲ."

"ಮತ್ತೆ ನಂಗೆ ಬಿಡು ಅಂದ್ಯಲ್ಲ!"

"ಬೆಳ್ಳುಳ್ಳಿ ತಿನ್ನು ಅಂದೆ. ಮಾತ್ರೆ ಬಿಡು ಅಂತ ಯಾವಾಗ ಅಂದೆ? ಕೇರಿಗೆಲ್ಲ ಮನೆಮದ್ದು ಹೇಳೋಳು ಮಾತ್ರೆ ನುಂಗ್ತೀನಿ ಅಂತ ಹೇಗೆ ಹೇಳ್ಕೊಳ್ಳಲಿ..." ಅಷ್ಟರಲ್ಲಿ ಅವಳಿಗೆ ಹೊಳೆಯಿತು. ನನ್ನ ಮಣಿಕಟ್ಟು ಹಿಡಿದಳು. "ಬಿಟ್ಟಿದೀಯ? ಅಪ್ಪಂಗೆ ಎಷ್ಟು ವಯಸ್ಸಾಗಿತ್ತು, ನೆನಪಿದ್ಯಾ ನಿಂಗೆ?"

ನಮ್ಮ ಮನೆಯಲ್ಲಿ ಆ ವಯಸ್ಸನ್ನು ಯಾರೂ ಬಾಯಿಬಿಟ್ಟು ಹೇಳಿದ್ದೇ ಇಲ್ಲ.

ಮರುದಿನ ರಜೆ ಹಾಕಿ ಸಾಗರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಅಕ್ಕ, ನಾನು ದಾರಿಯಲ್ಲಿ ಇಳಿದುಬಿಡುತ್ತೇನೋ ಎಂಬಂತೆ ಕಾವಲು ಕೂತಿದ್ದಳು. ರಕ್ತ ಪರೀಕ್ಷೆಯಾಯಿತು. ಬೆಳ್ಳುಳ್ಳಿಯ ಮೂರು ತಿಂಗಳಲ್ಲಿ ಕೊಲೆಸ್ಟರಾಲ್ ಮೊದಲಿದ್ದಲ್ಲಿಗೇ ಹೆಚ್ಚುಕಡಿಮೆ ವಾಪಸು ಬಂದಿತ್ತು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ.

ಡಾಕ್ಟರಮ್ಮ ಬೈಯಲಿಲ್ಲ. "ನೋವು ಸುಳ್ಳಲ್ಲ, ಕೆಲವರಿಗೆ ಬರುತ್ತೆ. ಆದ್ರೆ ಬಂದು ಹೇಳ್ಬೇಕಿತ್ತು. ನಿಮ್ಮ ಥೈರಾಯಿಡ್ ಬೇರೆ ಮಂದ ಆಗಿದೆ. ಅದ್ರಿಂದಲೂ ಕಾಲು ನೋಯುತ್ತೆ, ಕೊಲೆಸ್ಟರಾಲೂ ಏರುತ್ತೆ. ಮೊದ್ಲು ಅದನ್ನ ಸರಿ ಮಾಡೋಣ. ಆಮೇಲೆ ಬೇರೆ ಮಾತ್ರೆ, ಸಣ್ಣ ಡೋಸು. ಅದೂ ಆಗ್ಲಿಲ್ವಾ, ಇನ್ನೊಂದು ಜಾತಿಯದಿದೆ. ದಾರಿ ಒಂದೇ ಅಲ್ಲ."

"ಬೆಳ್ಳುಳ್ಳಿ?" ಎಂದಳು ಅಕ್ಕ.

"ಸಾರಿಗೆ ಹಾಕಿ, ಚೆನ್ನಾಗಿರುತ್ತೆ."

ಈಗ ಹೊಸ ಮಾತ್ರೆ ಶುರುವಾಗಿ ಐದು ತಿಂಗಳು. ಅಂಕಿ ಇಳಿದಿದೆ. ನಾನು ಪೂರ್ತಿ ಸಮಾಧಾನದವಳಾಗಿದ್ದೇನೆ ಎಂದರೆ ನೀವು ನಂಬಬೇಡಿ. ದಿನಕ್ಕೊಮ್ಮೆಯಾದರೂ ಮೀನಖಂಡ ಒತ್ತಿ ನೋಡಿಕೊಳ್ಳುತ್ತೇನೆ. ಆದರೆ ಐವತ್ತೆರಡು ತುಂಬಿದ ದಿನ ಅಕ್ಕ ಬಂದಳು. ಮನೆಯಲ್ಲಿ ಕೂತರೆ ಇಬ್ಬರೂ ಅಪ್ಪನನ್ನೇ ನೆನೆಯುತ್ತೇವೆಂದು ಹತ್ತಿರದ ನಗರ ಎಂಬ ಊರಿನ ಹಳೇ ಕೋಟೆಗೆ ಹೋದೆವು. ಬುರುಜಿನ ತುದಿಯವರೆಗೂ ಏದುಸಿರು ಬಿಡುತ್ತ ಹತ್ತಿ, ಮೇಲೆ ಕೂತು ಚಿತ್ರಾನ್ನ ತಿಂದೆವು.

ಮರುದಿನ ಬೆಳಿಗ್ಗೆ ಅಕ್ಕನ ಫೋನು. "ಕಾಲು ಹಿಡ್ಕೊಂಡ್ಬಿಟ್ಟಿದೆ ಮಾರಾಯ್ತಿ, ಏಳ್ಲಿಕ್ಕೇ ಆಗ್ತಿಲ್ಲ."

"ನಂಗೂ," ಎಂದೆ. ಎಷ್ಟೋ ತಿಂಗಳ ಮೇಲೆ, ಯಾವ ಕಾಗದವನ್ನೂ ಬಿಡಿಸದೆ, ಆ ನೋವನ್ನು ಸುಖವಾಗಿ ನೋಯಲು ಬಿಟ್ಟೆ.