ಎಂಟು ಪಾವು ಧನಿಯ

ಎಂಬತ್ತರ ದಶಕದ ಆ ದಿನಗಳಲ್ಲಿ ರಾಜಾಜಿನಗರದ ನಮ್ಮ ಬೀದಿಗೆ ಬೇಸಿಗೆ ಬಂತೆಂದರೆ ಮನೆಮನೆಯಿಂದಲೂ ಮೆಣಸಿನಕಾಯಿ ಹುರಿಯುವ ಘಾಟು. ಕೆಮ್ಮುತ್ತಾ ಸೀನುತ್ತಾ ಕುಂಟೆಬಿಲ್ಲೆ ಆಡುತ್ತಿದ್ದೆವು. ನಮ್ಮ ಮನೆಗೂ ವಿಜಯನಗರದಲ್ಲಿದ್ದ ಅತ್ತೆಯ ಮನೆಗೂ ವರ್ಷಕ್ಕಾಗುವಷ್ಟು ಹುಳಿಪುಡಿ ಅಜ್ಜಿಯ ಕೈಯಲ್ಲೇ ಆಗಬೇಕು. ಅಜ್ಜಿಗೆ ಓದುಬರಹ ಬಾರದು. ಅವಳ ಲೆಕ್ಕವೆಲ್ಲ ಒಂದು ಹಿತ್ತಾಳೆ ಪಾವಿನಲ್ಲಿತ್ತು. ಬೇಳೆಯಾಗಲಿ ಧನಿಯವಾಗಲಿ, ಅದರಲ್ಲಿ ಅಳೆದೇ ಬಾಣಲೆಗೆ ಹಾಕುತ್ತಿದ್ದಳು.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಂಗಡಿಗೆ ನನ್ನನ್ನೇ ಕಳಿಸಿದಳು.

"ಧನಿಯ ಎಂಟು ಪಾವು, ಕಡಲೆಬೇಳೆ ಎರಡು ಪಾವು..." ಎಂದು ಹೇಳುತ್ತಾ ಹೋದಳು. ಅಂಗಡಿಯಲ್ಲಿ ಎಲ್ಲವೂ ಕೆ.ಜಿ. ಲೆಕ್ಕ. ನನಗೇನು ಕಷ್ಟ! ರೇಷನ್ನಿನ ಒಂದು ಕೆ.ಜಿ. ಅಕ್ಕಿ ಸರಿಯಾಗಿ ನಾಲ್ಕು ಪಾವಾಗುವುದನ್ನು ಎಷ್ಟು ಸಲ ನೋಡಿರಲಿಲ್ಲ? ಹಾಗಾದರೆ ಎಂಟು ಪಾವು ಧನಿಯ ಎರಡು ಕೆ.ಜಿ. ಗಣಿತದಲ್ಲಿ ಕ್ಲಾಸಿಗೇ ಮೊದಲು ಎಂಬ ಜಂಬ ಬೇರೆ.

ಸಾಮಾನು ತಂದಿಟ್ಟಾಗ ಅಜ್ಜಿ ಪಾವಿಗಾಗಿ ತಡಕಾಡಿದಳು.

"ಅಳೆಯೋದೇನೂ ಬೇಡ ಅಜ್ಜಿ, ನಾನು ಲೆಕ್ಕ ಹಾಕಿ ತೂಗಿಸ್ಕೊಂಡೇ ಬಂದಿದೀನಿ" ಅಂದೆ.

ಅವಳು ಮೊರದಲ್ಲಿ ಕೈಯಾಡಿಸಿದಳು. "ಧನಿಯ ಯಾಕೋ ಜಾಸ್ತಿ ಅನ್ನಿಸ್ತಿದೆ ಕಣೇ."

"ಸರಿಯಾಗೇ ಇದೆ. ನಿಂಗೆ ಕಣ್ಣು ಕಾಣಲ್ವಲ್ಲ."

ಅಯ್ಯೋ, ಎಂಥ ಮಾತು ಆಡಿಬಿಟ್ಟೆ! ಅಜ್ಜಿ ಬಾಣಲೆ ಒಲೆಗಿಟ್ಟು ಹುರಿಯಲು ಕೂತಳು.

ವಾರದೊಳಗೆ ಅತ್ತೆ ಪುಡಿಯ ಡಬ್ಬ ಹಿಡಿದು ವಾಪಸು ಬಂದರು. "ಹುಳೀಲಿ ಖಾರಾನೂ ಇಲ್ಲ, ರುಚೀನೂ ಇಲ್ಲ, ಬರೀ ಧನಿಯ. ಅಮ್ಮಂಗೆ ವಯಸ್ಸಾಯ್ತು ಕಣಣ್ಣ, ಅಳತೆ ಮರ್ತೋಗಿದೆ" ಎಂದು ಅಪ್ಪನಿಗೆ ಹೇಳಿದರು. ಅಜ್ಜಿ ಅಲ್ಲೇ ಕೂತಿದ್ದಳು.

ಅದೇ ಸಂಜೆ ಕಡ್ಲೆಪುರಿಯವನು ಬಂದ. ನಾಲ್ಕು ಪಾವಿನ ಸೇರಿನಲ್ಲಿ ಅವನು ಅಳೆದುಕೊಟ್ಟ ಪೊಟ್ಟಣ ನನ್ನ ಕೈಯಲ್ಲಿ ಇದ್ದೂ ಇಲ್ಲದಂತಿತ್ತು. ಒಂದು ಸೇರು ಅಕ್ಕಿ ಒಂದು ಕೆ.ಜಿ. ಆದರೆ ಒಂದು ಸೇರು ಪುರಿ? ಧನಿಯವೂ ಅಕ್ಕಿಯಷ್ಟು ಭಾರವಿಲ್ಲ; ಎರಡು ಕೆ.ಜಿ. ಅಂದರೆ ಎಂಟು ಪಾವಿಗಿಂತ ಎಷ್ಟೋ ಜಾಸ್ತಿ. ತಪ್ಪಿದ್ದು ನಾನು.

ಮಾರನೆಯ ಬೆಳಿಗ್ಗೆ ನನ್ನ ತಲೆ ಬಾಚುತ್ತಾ ಅಜ್ಜಿ ಮೆಲ್ಲಗೆ ಕೇಳಿದಳು: "ಪುಟ್ಟೀ, ನಾನು ಎಂಟು ಪಾವು ಅಂತ ತಾನೇ ಹೇಳಿದ್ದು?"

ಹೌದು ಅಂದರೆ ಬೈಗುಳವೆಲ್ಲ ನನ್ನ ಪಾಲಿಗೆ. "ನಂಗೆ ನೆನಪಿಲ್ಲ ಅಜ್ಜಿ" ಅಂದೆ.

"ಹಾಗಾದ್ರೆ ನಂಗೇ ಅರಳುಮರಳು" ಎಂದು ಜಡೆ ಹೆಣೆದು ಮುಗಿಸಿದಳು. ಅಂದೇ ಪಾವನ್ನು ಅಮ್ಮನ ಕೈಗೆ ಕೊಟ್ಟು, "ಇನ್ಮೇಲೆ ನೀನೇ ನೋಡ್ಕೊಳ್ಳಮ್ಮ" ಅಂದಳು. ಆಮೇಲೆ ಅವಳು ಒಲೆಯ ಮುಂದೆ ಕೂರಲಿಲ್ಲ. ಉಪ್ಪೆಷ್ಟು ಹಾಕಲಿ ಎಂದು ಅಮ್ಮ ಕೇಳಿದರೂ, "ನಂಗೇನು ಗೊತ್ತಾಗುತ್ತೆ ಬಿಡು" ಅನ್ನುತ್ತಿದ್ದಳು. ಮುಂದಿನ ಬೇಸಿಗೆಗೆ ಅಜ್ಜಿ ಇರಲಿಲ್ಲ. ಮನೆಗೆ ಪ್ಯಾಕೆಟ್ ಪುಡಿ ಬಂತು.

ಆ ಪಾವು ಈಗ ನನ್ನ ಹತ್ತಿರ ಇದೆ. ಮೊನ್ನೆ ಅದರ ತುಂಬ ಧನಿಯ ಅಳೆದು ತಕ್ಕಡಿಗೆ ಸುರಿದೆ. ನೂರು ಗ್ರಾಂ ಕೂಡ ತೂಗಲಿಲ್ಲ. ಒಂದೊಂದನ್ನೂ ಹಾಗೇ ತೂಗಿ, ಬರೆದಿಟ್ಟುಕೊಂಡು, ಹುಳಿಪುಡಿ ಮಾಡಿದೆ. ಮನೆಯೆಲ್ಲ ಹಳೆಯ ಘಮ. ಅಪ್ಪ, ಅಮ್ಮ, ಅತ್ತೆ ಯಾರೂ ಈಗಿಲ್ಲ. ನಿಜ ಹೇಳೋಣವೆಂದರೆ ಕೇಳುವವರೇ ಇಲ್ಲ.

ನೀನು ಎಂಟು ಪಾವು ಅಂತಲೇ ಹೇಳಿದ್ದೆ ಅಜ್ಜಿ.