ಬೇಳೆ ಪೊಟ್ಟಣದ ಟ್ರಿನಿಡಾಡ್

ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಕೈ ಮೊರದಲ್ಲಿತ್ತು, ಕಿವಿ ಬೀದಿಯಲ್ಲಿ. ಆ ದಿನ ಆನವಟ್ಟಿಯ ಶಾಲೆಗೆ ಇನ್ಸ್‌ಪೆಕ್ಟರು ಬಂದಿದ್ದರು. ಮಗಳದು ಮಿಡ್ಲ್ ಸ್ಕೂಲಿನ ಕೊನೆಯ ವರ್ಷ. ಅವರೆದುರು ಚೆನ್ನಾಗಿ ಉತ್ತರ ಹೇಳಿದರೆ ಶಿಕಾರಿಪುರದ ನನ್ನ ಅಕ್ಕನ ಮನೆಯಲ್ಲಿದ್ದು ಹೈಸ್ಕೂಲು, ಇಲ್ಲದಿದ್ದರೆ ಪುಸ್ತಕ ಅಟ್ಟಕ್ಕೆ ಎಂದಿದ್ದ ಮಾವನವರು ತಾವೇ ಹೋಗಿ ಶಾಲೆಯ ಜಗಲಿಯ ಮೇಲೆ ಕೂತಿದ್ದರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರವಿರುವ ಕಾಗದ ಸರಸ್ವತಿ, ಅದನ್ನು ತುಳಿಯಬಾರದು, ಒಲೆಗೆ ಹಾಕಬಾರದು ಎಂದು ತವರಿನಲ್ಲಿ ಕಲಿಸಿದ್ದರು. ಹಾಗಾಗಿ ಅಂಗಡಿಯ ಪೊಟ್ಟಣಗಳನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ದೇವರ ಗೂಡಿನ ಕೆಳಗೆ ಪೇರಿಸುತ್ತಿದ್ದೆ. ಓದದೆ ಎತ್ತಿಡಲು ಮನಸ್ಸಾಗುತ್ತಿರಲಿಲ್ಲ. "ಪೊಟ್ಟಣದ ಪಂಡಿತೆ" ಎಂದು ಮಾವನವರು ನಗುತ್ತಿದ್ದರು. ಓದಿದ್ದನ್ನು ಜಡೆ ಹೆಣೆಯುವಾಗ ಮಗಳಿಗೆ ಹೇಳುತ್ತಿದ್ದೆ.

ಮಾವನವರು ಬಂದರು. ಹಿಂದೆಯೇ ಮಗಳು.

"ಮೊದ್ಲು ನೀರು ಕೊಡು." ಕೊಟ್ಟೆ. ಕುಡಿದು ಮಾವನವರು ಹೇಳತೊಡಗಿದರು.

ವೆಸ್ಟ್ ಇಂಡೀಸಿನವರು ನಮ್ಮ ದೇಶಕ್ಕೆ ಕ್ರಿಕೆಟ್ ಆಡಲು ಬಂದಿದ್ದ ಕಾಲ ಅದು. ಇನ್ಸ್‌ಪೆಕ್ಟರು ಭೂಪಟದ ಮೇಲೆ ಕೋಲಿಟ್ಟು, ಟ್ರಿನಿಡಾಡ್ ದ್ವೀಪದವರು ಯಾವ ಭಾಷೆ ಆಡುತ್ತಾರೆ ಎಂದು ಕೇಳಿದರಂತೆ.

"ಮಕ್ಕಳೆಲ್ಲಾ ಇಂಗ್ಲಿಷ್ ಅಂದ್ವು. ಅಷ್ಟೇನಾ ಅಂದ್ರು. ಮೇಷ್ಟ್ರಿಗೂ ಗೊತ್ತಿಲ್ಲ, ಮಾರಾಯ್ತಿ! ಆಗ ಇವಳು ಎದ್ಲು."

ಮಗಳಿಗೆ ತಡೆಯಲಾಗಲಿಲ್ಲ. "ಕಚೇರೀಲಿ ಇಂಗ್ಲಿಷು, ಸಂತೇಲಿ ಫ್ರೆಂಚ್ ಬೆರೆತ ಪಾತ್ವಾ, ಬೆಟ್ಟದ ಕಡೆ ಸ್ಪ್ಯಾನಿಷ್ಷು, ಕಬ್ಬಿನ ಗದ್ದೆಗೆ ಅಂತ ನಮ್ಮ ದೇಶದಿಂದ ಹೋದವ್ರ ಮನೇಲಿ ಭೋಜಪುರಿ ಅಂದೆ, ಅಮ್ಮಾ. ಅವ್ರು ಇವತ್ತಿಗೂ ರಾಮಾಯಣ ಓದ್ತಾರೆ ಅಂತಾನೂ ಅಂದೆ!"

"ಇನ್ಸ್‌ಪೆಕ್ಟರು ಎಲ್ಲಿ ಕಲಿತೆ ಅಂದ್ರೆ, ನಮ್ಮಮ್ಮ ಬೇಳೆ ಪೊಟ್ಟಣದಲ್ಲಿ ಓದಿದ್ದು ಅಂದ್ಬಿಡೋದಾ? ಇಡೀ ಶಾಲೆ ನಕ್ತು."

"ತಪ್ಪಾಯ್ತಾ ಮಾವಯ್ಯ?"

"ಎಂತ ತಪ್ಪು? ಆ ಅಂಗಡಿ ಎಲ್ಲಿದೆ, ನಮ್ಮ ಮೇಷ್ಟ್ರುಗಳೂ ಅಲ್ಲೇ ಬೇಳೆ ತರ್ಲಿ ಅಂದ್ರು ಇನ್ಸ್‌ಪೆಕ್ಟರು! ನಿನ್ನ ಅಕ್ಕಂಗೆ ಕಾಗದ ಬರಿ. ಹುಡುಗಿ ಹೈಸ್ಕೂಲಿಗೆ ಬರ್ತಾಳೆ ಅಂತ."

ದೇವರ ಗೂಡಿಗೆ ಕೈಮುಗಿದೆ. ಅಂಗಡಿಯವರು ಟ್ರಿನಿಡಾಡಿನ ಸುದ್ದಿಯಿದ್ದ ಹಾಳೆಯಲ್ಲೇ ಬೇಳೆ ಕಟ್ಟಿದ್ದು, ಇಲಿ ಅದರ ಅಂಚನ್ನಷ್ಟೇ ಕಡಿದು ಅಕ್ಷರ ಉಳಿಸಿದ್ದು, ಎಲ್ಲ ಅವನ ದಯೆ. ತಿರುಗಿ ನೋಡಿದರೆ ಮಾವನವರು ಅಂದಿನ ಖಾಲಿ ಪೊಟ್ಟಣವನ್ನು ತೊಡೆಯ ಮೇಲಿಟ್ಟು ನೀವುತ್ತಿದ್ದರು.

"ಇದ್ರಲ್ಲಿ ಎಂತ ಉಂಟು, ನೋಡು."

"ನೋಡ್ತೀನಿ ಮಾವಯ್ಯ, ಎಸರು ಕುದೀತಿದೆ" ಎಂದು ಬೇಳೆ ತೊಳೆಯಲು ಎದ್ದೆ.